ಲಿಂಗಂಪಲ್ಲಿಗೆ ನಿಲ್ಲುವ ಲೋಕಲ್ ರೈಲು

ನನ್ನ ತಂಗಿಯನ್ನು ಕೊಟ್ಟಿರುವುದು ತಾಂಡೂರಿಗೆ. ಕಲಬುರಗಿಯಲ್ಲಿ ರೈಲು ಹತ್ತಿದರೆ ಶಹಾಬಾದ, ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ಕುರಗುಂಟಾ ಆದಮೇಲೆ ರಾಜ್ಯ ಬದಲಾಗುತ್ತದೆ. ಕಿಟಕಿಯ ಹೊರಗೆ ಮಾತ್ರ ಏನೂ ಬದಲಾಗುವುದಿಲ್ಲ. ಅದೇ ತೊಗರಿ ಹೊಲ, ಅದೇ ಫರ್ಸಿ ಕಲ್ಲಿನ ಗಣಿ, ಅದೇ ಸಿಮೆಂಟ್ ಕಾರ್ಖಾನೆಯ ಹೊಗೆ. ತಾಂಡೂರಿನ ಪ್ಲಾಟ್‌ಫಾರಂ ಮೇಲೆ ಇಳಿದು ಕನ್ನಡದಲ್ಲಿ ಆಟೋ ಕರೆದರೆ ಕನ್ನಡದಲ್ಲೇ ಉತ್ತರ ಬರುತ್ತದೆ.

ತಂಗಿಯ ಮಗ ಡಿಪ್ಲೊಮಾ ಮುಗಿಸಿದವನಿಗೆ ಹೈದರಾಬಾದಿನ ಹೈಟೆಕ್ ಸಿಟಿಯ ಹತ್ತಿರ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ ಸಂತೋಷವೋ ಸಂತೋಷ. ಆದರೆ ಅಂದು ರಾತ್ರಿಯೇ ಒಂದು ಪ್ರಶ್ನೆ ಎದ್ದಿತು. ಹುಡುಗ ದಿನಾ ಹೋಗಿ ಬರುವುದೋ, ಅಲ್ಲೇ ರೂಮು ಹಿಡಿಯುವುದೋ? ಅವನ ಅಪ್ಪನದು ಲೆಕ್ಕದ ಮಾತು: ಸಂಬಳದಲ್ಲಿ ಅರ್ಧ ರೂಮಿಗೆ, ಊಟಕ್ಕೆ ಹೋದರೆ ಉಳಿಯುವುದೇನು? ತಂಗಿಯದು ಬೇರೆಯೇ ಲೆಕ್ಕ. "ಅಣ್ಣಾ, ಇವ ರಾತ್ರಿ ಮನಿಗೆ ಬರ್ತಾನಂದ್ರ ಎಷ್ಟೊತ್ತಾದ್ರೂ ನಾ ಕಾಯ್ತೀನಿ. ಬರಂಗೇ ಇಲ್ಲಂದ್ರ ಯಾರಿಗಂತ ಕಾಯ್ಲಿ?" ಎಂದಳು. ಹೀಗೆ ಹುಡುಗ ದಿನಾ ಹೋಗಿ ಬರುವವರ ಗುಂಪಿಗೆ ಸೇರಿದ.

ಆ ಗುಂಪು ಎಷ್ಟು ದೊಡ್ಡದು ಎಂದು ನನಗೆ ಗೊತ್ತಾಗಿದ್ದು ತಂಗಿಯ ಕಣ್ಣು ತೋರಿಸಲು ನಾವು ಮೂವರೂ ಒಟ್ಟಿಗೆ ಹೋದ ದಿನ. ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ಪ್ಲಾಟ್‌ಫಾರಂ ತುಂಬ ಜನ. ಕೈಯಲ್ಲಿ ಬುತ್ತಿಯ ಡಬ್ಬಿ, ಹೆಗಲಲ್ಲಿ ಬ್ಯಾಗು, ಕಣ್ಣಲ್ಲಿ ನಿದ್ದೆ. ಯಾವ ಬೋಗಿ ಎಲ್ಲಿ ನಿಲ್ಲುತ್ತದೆ ಎಂಬುದು ಪ್ರತಿಯೊಬ್ಬರಿಗೂ ಅಂಗೈ ಗೆರೆಯಂತೆ ಗೊತ್ತು. ಒಳಗೆ ಒಬ್ಬರು ಇನ್ನೊಬ್ಬರಿಗೆ ಜಾಗ ಹಿಡಿದಿರುತ್ತಾರೆ. ತಾಂಡೂರಿನಲ್ಲಿ ಕನ್ನಡದಲ್ಲಿ ಶುರುವಾದ ಹರಟೆ ವಿಕಾರಾಬಾದಿಗೆ ಬರುವಷ್ಟರಲ್ಲಿ ತೆಲುಗಾಗಿ, ಶಂಕರಪಲ್ಲಿ ದಾಟಿದ ಮೇಲೆ ದಖ್ಖನಿ ಉರ್ದು ಬೆರೆಯಿತು. ಮಾತಾಡುತ್ತಿದ್ದವರು ಮಾತ್ರ ಅದೇ ನಾಲ್ಕು ಜನ!

ಲಿಂಗಂಪಲ್ಲಿ ಹತ್ತಿರವಾಗುತ್ತಿದ್ದಂತೆ ಇಡೀ ಬೋಗಿ ಎದ್ದು ನಿಂತಿತು. ಸೋದರಳಿಯ ನನ್ನ ಕಿವಿಯಲ್ಲಿ, "ಮಾಮಾ, ಇಳಿದ ಮ್ಯಾಲ ಮಾತಾಡಬ್ಯಾಡ್ರಿ, ಸೀದಾ ನನ್ನ ಹಿಂದ ಬರ್ರಿ" ಎಂದ. ಯಾಕೆ ಎಂದು ಆಮೇಲೆ ತಿಳಿಯಿತು. ಲಿಂಗಂಪಲ್ಲಿಯಿಂದ ಮುಂದೆ ಹೈದರಾಬಾದಿನ ಲೋಕಲ್ ರೈಲು. ಅದನ್ನು ಎಲ್ಲರೂ ಕರೆಯುವುದು ಎಂಎಂಟಿಎಸ್ ಎಂದೇ. ಒಂದು ತಪ್ಪಿದರೆ ಇನ್ನೊಂದಕ್ಕೆ ಎಷ್ಟು ಹೊತ್ತು ಕಾಯಬೇಕೋ ಹೇಳಲಾಗದು. ಎಲ್ಲರೂ ಮೆಟ್ಟಿಲು ಸೇತುವೆಯ ಮೇಲೆ ಓಡಿದರು. ನನ್ನ ಮೊಣಕಾಲಿನ ದೆಸೆಯಿಂದ ನಮಗೆ ಆ ರೈಲು ತಪ್ಪಿತು. ಹುಡುಗ ಏನೂ ಅನ್ನಲಿಲ್ಲ. ಗಡಿಯಾರ ಮಾತ್ರ ನಾಲ್ಕು ಸಲ ನೋಡಿಕೊಂಡ.

ಪ್ಲಾಟ್‌ಫಾರಂ ಮೇಲೆ ಕಾಯುತ್ತ ಕುಳಿತಾಗ ನನಗೆ ಅನ್ನಿಸಿದ್ದು ಇಷ್ಟೇ. ಹಳಿ ಒಂದೇ. ತಾಂಡೂರಿನಿಂದ ಬಂದ ಹಳಿಯೇ ಮುಂದೆ ಹೈಟೆಕ್ ಸಿಟಿಗೂ ಹೋಗುತ್ತದೆ. ಹಾಗಿದ್ದ ಮೇಲೆ ಲೋಕಲ್ ರೈಲು ಇಲ್ಲಿಗೇ ನಿಲ್ಲುವುದೇಕೆ?

ಹಳಿ ಬಂದು ನೂರೈವತ್ತು ವರ್ಷ

ಈ ಹಳಿಯ ಕಥೆ ಹಳೆಯದು. ಮುಂಬಯಿಯಿಂದ ಮದರಾಸಿಗೆ ಹೋಗುವ ಮುಖ್ಯ ಮಾರ್ಗ ಹೈದರಾಬಾದ್ ನಗರವನ್ನು ಮುಟ್ಟದೆ ಕಲಬುರಗಿ, ವಾಡಿ, ರಾಯಚೂರಿನ ಮೇಲೆ ಹಾದುಹೋಯಿತು. ಆಗ ನಿಜಾಮರ ರಾಜ್ಯದ ದಿವಾನರಾಗಿದ್ದವರು ಮೊದಲನೇ ಸಾಲಾರ್ ಜಂಗ್. ವಾಡಿಯಿಂದ ಸಿಕಂದರಾಬಾದಿಗೆ ಒಂದು ಕವಲು ಹಾಕಿಸಿ 1874ರಲ್ಲಿ ರೈಲು ಓಡಿಸಲಾಯಿತು. ಇನ್ನೂರು ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಈ ಮಾರ್ಗದಿಂದಲೇ ನಿಜಾಮರ ರೈಲ್ವೆ ಹುಟ್ಟಿದ್ದು. ತಾಂಡೂರು, ವಿಕಾರಾಬಾದ್, ಶಂಕರಪಲ್ಲಿ, ಲಿಂಗಂಪಲ್ಲಿ ಎಲ್ಲವೂ ಈ ಮಾರ್ಗದ ಮೇಲಿನ ಊರುಗಳೇ. 1930ರ ಸುಮಾರಿಗೆ ವಿಕಾರಾಬಾದಿನಿಂದ ಇನ್ನೊಂದು ಕವಲು ಹೊರಟು ಜಹೀರಾಬಾದಿನ ಮೂಲಕ ಬೀದರಿಗೆ, ಅಲ್ಲಿಂದ ಪರಳಿಗೆ ಹೋಯಿತು.

ಆ ಕಾಲಕ್ಕೆ ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಹಂಚಿದಾಗ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು, ಈ ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶದಲ್ಲಿ ಉಳಿದವು. 2014ರ ಜೂನ್ 2ರಿಂದ ತೆಲಂಗಾಣ. 2016ರ ಅಕ್ಟೋಬರಿನಲ್ಲಿ ಮತ್ತೆ ಜಿಲ್ಲೆಗಳನ್ನು ಒಡೆದಾಗ ತಾಂಡೂರು ವಿಕಾರಾಬಾದ್ ಜಿಲ್ಲೆಗೆ, ಉಳಿದೆರಡು ಸಂಗಾರೆಡ್ಡಿ ಜಿಲ್ಲೆಗೆ ಹೋದವು. ಹೀಗೆ ಕಚೇರಿಯ ಬೋರ್ಡುಗಳು ಬದಲಾಗುತ್ತಲೇ ಬಂದಿವೆ. ಮನೆಯ ಮಾತು, ಹೆಣ್ಣು ಕೊಟ್ಟು ತರುವ ಸಂಬಂಧ ಈ ಕಡೆಗೇ ಇವೆ. ಹೊಟ್ಟೆಪಾಡು ಆ ಕಡೆಗೆ.

ಅಲ್ಲಿಯ ನದಿಗಳನ್ನು ನೋಡಿದರೂ ಇದೇ ಕಥೆ. ತಾಂಡೂರಿನ ಕಾಗಿಣಾ ನದಿ ನಮ್ಮ ಕಡೆಗೆ ಹರಿದು ಮಳಖೇಡದ ಕೋಟೆಯ ಮಗ್ಗುಲಲ್ಲಿ ಸಾಗಿ ಭೀಮೆಯನ್ನು ಸೇರುತ್ತದೆ. ಅಲ್ಲಿಂದ ಒಂದು ಗಂಟೆಯ ದಾರಿಯ ವಿಕಾರಾಬಾದಿನ ಅನಂತಗಿರಿ ಗುಡ್ಡದಲ್ಲಿ ಹುಟ್ಟುವ ಮೂಸಿ ನದಿ ಬೆನ್ನು ತಿರುಗಿಸಿ ಹೈದರಾಬಾದಿಗೆ ಹೋಗುತ್ತದೆ. ತಾಂಡೂರಿನ ನೀರು ಪಶ್ಚಿಮಕ್ಕೆ, ತಾಂಡೂರಿನ ಜನ ಪೂರ್ವಕ್ಕೆ.

ಎಂಎಂಟಿಎಸ್ ಬಂದ ಬಗೆ

ನಗರದೊಳಗೆ ಲೋಕಲ್ ರೈಲು ಓಡಿಸಲು ರಾಜ್ಯ ಸರ್ಕಾರ ಮತ್ತು ರೈಲ್ವೆ ಅರ್ಧರ್ಧ ಖರ್ಚು ಹಾಕಿಕೊಂಡವು. 2003ರ ಆಗಸ್ಟ್ 9ರಂದು ಲಿಂಗಂಪಲ್ಲಿಯಿಂದ ನಾಂಪಲ್ಲಿಗೂ ಸಿಕಂದರಾಬಾದಿಗೂ ರೈಲು ಶುರುವಾಯಿತು. ಮರುವರ್ಷ ಹಳೆಯ ಊರಿನ ಫಲಕ್‌ನುಮಾದವರೆಗೆ ಹೋಯಿತು. ಒಟ್ಟು ನಲವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಎಂಎಂಟಿಎಸ್ ಎಂದರೆ ಹಲವು ಬಗೆಯ ಸಾರಿಗೆಗಳನ್ನು ಜೋಡಿಸುವ ವ್ಯವಸ್ಥೆ. ರೈಲು ಇಳಿದವರಿಗೆ ಬಸ್ಸು ಕಾದಿರಬೇಕು ಎಂಬುದು ಉದ್ದೇಶ. ಹೊಸ ಹಳಿ ಹಾಕಲಿಲ್ಲ. ಇದ್ದ ಹಳಿಯ ಮೇಲೆಯೇ ಕಿಲೋಮೀಟರಿಗೊಂದು, ಎರಡಕ್ಕೊಂದು ಚಿಕ್ಕ ನಿಲ್ದಾಣ ಕಟ್ಟಿದರು. ಚಂದಾನಗರ, ಹಫೀಜ್‌ಪೇಟೆ, ಹೈಟೆಕ್ ಸಿಟಿ, ಬೋರಬಂಡ, ಭರತ್‌ನಗರ, ಬೇಗಂಪೇಟೆ... ಹೀಗೆ. ಹತ್ತಿರದ ನಿಲ್ದಾಣಕ್ಕೆ 5 ರೂಪಾಯಿಯ ಟಿಕೆಟ್. ಹೈದರಾಬಾದಿನಲ್ಲಿ 5 ರೂಪಾಯಿಗೆ ಈಗ ಒಂದು ಲೋಟ ಇರಾನಿ ಚಹಾ ಸಹ ಸಿಗದು.

ಲೋಕಲ್ ರೈಲು ಬೇರೆ ರೈಲುಗಳ ಹಾಗಲ್ಲ. ಸಾಮಾನ್ಯ ರೈಲಿನಲ್ಲಿ ಮುಂದೆ ಒಂದು ಇಂಜಿನ್ ಇದ್ದು ಎಲ್ಲ ಬೋಗಿಗಳನ್ನೂ ಎಳೆಯಬೇಕು. ಲೋಕಲ್ ರೈಲಿನಲ್ಲಿ ಪ್ರತ್ಯೇಕ ಇಂಜಿನ್ ಇಲ್ಲ. ನಡುನಡುವಿನ ಬೋಗಿಗಳ ಕೆಳಗೇ ವಿದ್ಯುತ್ ಮೋಟಾರುಗಳಿರುತ್ತವೆ. ಆದ್ದರಿಂದ ನಿಂತ ರೈಲು ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ತುದಿ ತಲುಪಿದಾಗ ಇಂಜಿನ್ ಬಿಚ್ಚಿ ಇನ್ನೊಂದು ಕಡೆ ಜೋಡಿಸುವ ಗೋಜೂ ಇಲ್ಲ. ಚಾಲಕ ಈ ತುದಿಯಿಂದ ಆ ತುದಿಗೆ ನಡೆದುಹೋದರೆ ಸಾಕು. ದಿನಕ್ಕೆ ಹತ್ತಾರು ಸಲ ಹೋಗಿ ಬರುವ ರೈಲಿಗೆ ಇದೇ ಜೀವಾಳ.

ಆದರೆ ಒಂದೇ ಹಳಿಯನ್ನು ಎಲ್ಲರೂ ಹಂಚಿಕೊಂಡದ್ದೇ ತೊಡಕಾಯಿತು. ದೂರದಿಂದ ಬರುವ ಎಕ್ಸ್‌ಪ್ರೆಸ್ ತಡವಾದರೆ ಅದಕ್ಕೆ ದಾರಿ ಬಿಡಲು ಲೋಕಲ್ ನಿಲ್ಲಬೇಕು. ಕಲ್ಲಿದ್ದಲಿನ, ಸಿಮೆಂಟಿನ ಗೂಡ್ಸ್ ರೈಲುಗಳೂ ಅದೇ ಹಳಿಗೆ ಬರುತ್ತವೆ. 2019ರ ನವೆಂಬರ್ 11ರಂದು ಕಾಚಿಗುಡ ನಿಲ್ದಾಣದಲ್ಲಿ ಎಂಎಂಟಿಎಸ್ ರೈಲು ಕರ್ನೂಲಿನ ಹಂದ್ರಿ ಎಕ್ಸ್‌ಪ್ರೆಸ್‌ಗೆ ಡಿಕ್ಕಿ ಹೊಡೆಯಿತು. ಜಜ್ಜಿಹೋದ ಕ್ಯಾಬಿನ್‌ನಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದ ಚಾಲಕನನ್ನು ಹೊರತೆಗೆದರೂ ಕೆಲವು ದಿನಗಳ ಮೇಲೆ ಆಸ್ಪತ್ರೆಯಲ್ಲಿ ಆತ ಪ್ರಾಣ ಬಿಟ್ಟ. ಅದಾದ ಕೆಲವೇ ತಿಂಗಳಿಗೆ ಕೊರೋನಾ. 2020ರ ಮಾರ್ಚಿನಲ್ಲಿ ನಿಂತ ಎಂಎಂಟಿಎಸ್ ಮತ್ತೆ ಓಡಿದ್ದು 2021ರ ಜೂನ್‌ನಲ್ಲಿ. ಹದಿನೈದು ತಿಂಗಳು! ಅಷ್ಟರಲ್ಲಿ ಎಷ್ಟೋ ಮಂದಿ ಸಾಲ ಮಾಡಿ ಬೈಕು ಕೊಂಡಿದ್ದರು. ಅವರೆಲ್ಲ ರೈಲಿಗೆ ಮರಳಿ ಬರಲಿಲ್ಲ.

ಎರಡನೇ ಹಂತದಲ್ಲಿ 2023ರ ಏಪ್ರಿಲ್ 8ರಿಂದ ಮೇಡ್ಚಲ್ ಕಡೆಗೂ ಉಮ್ದಾನಗರದ ಕಡೆಗೂ, 2024ರ ಮಾರ್ಚಿನಲ್ಲಿ ಘಟಕೇಸರ ಕಡೆಗೂ ರೈಲು ಬಂತು. ಉತ್ತರಕ್ಕೆ, ದಕ್ಷಿಣಕ್ಕೆ, ಪೂರ್ವಕ್ಕೆ ಮಾರ್ಗ ಬೆಳೆಯಿತು. ಪಶ್ಚಿಮಕ್ಕೆ ಮಾತ್ರ ಲಿಂಗಂಪಲ್ಲಿಯ ಆಚೆ ತೆಲ್ಲಾಪುರ, ರಾಮಚಂದ್ರಾಪುರದ ಕಡೆಗೆ ಒಂದು ಪುಟ್ಟ ಕವಲು ಅಷ್ಟೇ. ಆ ಕವಲೂ ಶಂಕರಪಲ್ಲಿ, ವಿಕಾರಾಬಾದಿನ ದಾರಿಯದಲ್ಲ.

ತಾಂಡೂರು ದೂರವಾಯಿತೇ?

ತಾಂಡೂರು ಸಿಕಂದರಾಬಾದಿನಿಂದ ರೈಲಿನಲ್ಲಿ ಸುಮಾರು 115 ಕಿಲೋಮೀಟರು. ಇಷ್ಟು ದೂರಕ್ಕೆ ಲೋಕಲ್ ರೈಲೇ ಎಂದು ಕೆಲವರು ನಗುವುದುಂಟು. ಅಂಥವರು ಮುಂಬಯಿಯ ಕಡೆ ನೋಡಬೇಕು. ಅಲ್ಲಿ 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ರೈಲಿನ ಮಾರ್ಗದಲ್ಲೇ ಇವತ್ತು ಲೋಕಲ್ ಕಸಾರಾದವರೆಗೆ ಸುಮಾರು 120 ಕಿಲೋಮೀಟರ್ ಹೋಗುತ್ತದೆ. ಚರ್ಚ್‌ಗೇಟ್ ಕಡೆಯಿಂದ ಡಹಾಣೂ ರೋಡ್ ಅದಕ್ಕಿಂತಲೂ ಸ್ವಲ್ಪ ದೂರವೇ. ಆದ್ದರಿಂದ ದೂರ ಒಂದೇ ಕಾರಣವಲ್ಲ.

ನಿಜವಾದ ಕಾರಣ ಬೇರೆ ಇದೆ. ಮುಂಬಯಿಯ ದಾರಿಯುದ್ದಕ್ಕೂ ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ, ಬಹುಭಾಗ ಲೋಕಲ್‌ಗೆಂದೇ ಬೇರೆ ಹಳಿಗಳಿವೆ. ಲಿಂಗಂಪಲ್ಲಿಯಿಂದ ತಾಂಡೂರಿನವರೆಗೆ ಎರಡೇ ಹಳಿ. ನಡುವೆ ಶಂಕರಪಲ್ಲಿ, ವಿಕಾರಾಬಾದ್ ಬಿಟ್ಟರೆ ಬಹುತೇಕ ಹೊಲ, ಕಾಡು, ಗುಡ್ಡ. ಹತ್ತು ನಿಮಿಷಕ್ಕೊಂದು ರೈಲು ಓಡಿಸಿದರೆ ಅರ್ಧ ಖಾಲಿ ಓಡೀತು. ಜೊತೆಗೆ ನಗರದ ಲೋಕಲ್ ಬೋಗಿಗಳಲ್ಲಿ ಶೌಚಾಲಯ ಇರುವುದಿಲ್ಲ. ಎರಡೂವರೆ ಗಂಟೆಯ ಪ್ರಯಾಣದಲ್ಲಿ ಹೆಂಗಸರಿಗೆ, ವಯಸ್ಸಾದವರಿಗೆ ಅದು ಸಣ್ಣ ಮಾತಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಲೋಕಲ್ ರೈಲಿನಂತೆಯೇ ಮೋಟಾರಿರುವ, ಶೌಚಾಲಯವೂ ಇರುವ ಮೆಮು ಎಂಬ ರೈಲುಗಳನ್ನು ನಮ್ಮ ರೈಲ್ವೆ ದೇಶದ ಹಲವೆಡೆ ಇಂಥ ದೂರಕ್ಕೇ ಓಡಿಸುತ್ತದೆ. ಬೆಂಗಳೂರು ಸುತ್ತಮುತ್ತಲಿನ ಓದುಗರು ಅವನ್ನು ಹತ್ತಿರುತ್ತಾರೆ. ತಾಂಡೂರಿನವರಿಗೆ ಬೇಕಾದದ್ದು ಹತ್ತು ನಿಮಿಷಕ್ಕೊಂದು ರೈಲಲ್ಲ. ಬೆಳಿಗ್ಗೆ ಕೆಲಸದ ಹೊತ್ತಿಗೆ ಎರಡು, ಸಂಜೆ ಮರಳುವ ಹೊತ್ತಿಗೆ ಎರಡು, ಲಿಂಗಂಪಲ್ಲಿಯಲ್ಲಿ ಬದಲಿಸದೆ ಹೈಟೆಕ್ ಸಿಟಿ, ಬೇಗಂಪೇಟೆಯಲ್ಲಿ ನಿಂತು ಹೋಗುವಂಥವು ಸಾಕು. 150 ಕಿಲೋಮೀಟರಿನವರೆಗೆ ತಿಂಗಳ ಪಾಸು ಕೊಡುವ ಪದ್ಧತಿ ರೈಲ್ವೆಯಲ್ಲಿ ಹೇಗೂ ಇದೆ. ತಾಂಡೂರು ಅದರೊಳಗೇ ಬರುತ್ತದೆ. ಪಾಸಿಗೆ ದೂರ ಅಡ್ಡಿಯಾಗದೆ ಇದ್ದ ಮೇಲೆ ರೈಲಿನ ಸಮಯಕ್ಕೆ ಏಕೆ ಅಡ್ಡಿಯಾಗಬೇಕು ಎಂಬುದು ನನ್ನ ಸಣ್ಣ ತಲೆಗೆ ಹೊಳೆಯದ ಮಾತು.

ಜಹೀರಾಬಾದಿನವರ ಲೆಕ್ಕ

ಜಹೀರಾಬಾದಿನಲ್ಲಿ ನಮ್ಮ ಪರಿಚಯದ ಒಂದು ಕುಟುಂಬವಿದೆ. ಅವರಿಗೆ ಎಂಎಂಟಿಎಸ್ ವಿಷಯ ಹೇಳಿದರೆ ನಗುತ್ತಾರೆ. "ರೈಲು ಹಿಡಿದ್ರ ಊರೆಲ್ಲಾ ಸುತ್ತಿ ಹೋಗಬೇಕ್ರಿ, ಬಸ್ಸಿಗೆ ಹೋದ್ರ ಸೀದಾ ಪಟಾನ್‌ಚೆರು" ಎನ್ನುತ್ತಾರೆ. ಅದು ಸರಿಯೇ. ಜಹೀರಾಬಾದಿನಿಂದ ಹೆದ್ದಾರಿ ಸದಾಶಿವಪೇಟೆ, ಸಂಗಾರೆಡ್ಡಿಯ ಮೇಲೆ ನೇರವಾಗಿ ನಗರಕ್ಕೆ ಹೋಗುತ್ತದೆ. ರೈಲು ಮಾತ್ರ ಮೊದಲು ಕೋಹೀರ, ಮರ್ಪಲ್ಲಿಯ ಮೇಲೆ ದಕ್ಷಿಣಕ್ಕೆ ವಿಕಾರಾಬಾದಿಗೆ ಇಳಿದು ಆಮೇಲೆ ಪೂರ್ವಕ್ಕೆ ತಿರುಗಬೇಕು. ರಸ್ತೆಗಿಂತ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಾದರೂ ಹೆಚ್ಚು. ಅದರಲ್ಲೂ ವಿಕಾರಾಬಾದಿನ ತನಕ ಒಂಟಿ ಹಳಿ. ಎದುರಿಗೆ ರೈಲು ಬಂದರೆ ನಿಲ್ದಾಣದಲ್ಲಿ ಕಾದು ನಿಲ್ಲಲೇಬೇಕು.

2023ರ ಡಿಸೆಂಬರ್ 9ರಿಂದ ತೆಲಂಗಾಣದಲ್ಲಿ ಹೆಂಗಸರಿಗೆ ಎಕ್ಸ್‌ಪ್ರೆಸ್ ಬಸ್ಸಿನ ತನಕ ಉಚಿತ ಪ್ರಯಾಣ ಬಂದ ಮೇಲೆ ಆ ಮನೆಯ ಸೊಸೆ ಸಂಗಾರೆಡ್ಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮೊದಲು ಸಂಬಳದ ದೊಡ್ಡ ಪಾಲು ಬಸ್ಸಿಗೇ ಹೋಗುತ್ತದೆ ಎಂದು ಅತ್ತೆ ಬೇಡವೆಂದಿದ್ದರಂತೆ. ಈಗ ಅತ್ತೆಯೇ ಬೆಳಿಗ್ಗೆ ರೊಟ್ಟಿ ಬಡಿದು ಬುತ್ತಿ ಕಟ್ಟಿ ಕಳಿಸುತ್ತಾರೆ.

ಇವರಿಗೆ ಉಪಯೋಗವಾಗಬಹುದಾದದ್ದು ಮೆಟ್ರೋ. 2017ರ ನವೆಂಬರಿನಲ್ಲಿ ಶುರುವಾದ ಹೈದರಾಬಾದ್ ಮೆಟ್ರೋ ಈ ದಿಕ್ಕಿನಲ್ಲಿ ಮಿಯಾಪುರಕ್ಕೆ ನಿಂತಿದೆ. ಅಲ್ಲಿಂದ ಪಟಾನ್‌ಚೆರುವಿಗೆ 13.4 ಕಿಲೋಮೀಟರ್ ಮುಂದುವರಿಸುವ ಯೋಜನೆಯನ್ನು ರಾಜ್ಯ ಸರ್ಕಾರ 2024ರ ನವೆಂಬರಿನಲ್ಲಿ ಕೇಂದ್ರದ ಒಪ್ಪಿಗೆಗೆ ಕಳುಹಿಸಿತು. ಅದು ಆಯಿತೆಂದರೆ ಜಹೀರಾಬಾದಿನ ಬಸ್ಸು ಪಟಾನ್‌ಚೆರುವಿನ ಆಚೆಯ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವ ಮೊದಲೇ ಜನ ಇಳಿದು ರೈಲು ಹತ್ತಬಹುದು.

ನಾರಾಯಣಖೇಡದವರಿಗೆ ಮೆಟ್ರೋ ಹಾಗಿರಲಿ, ರೈಲೇ ಇಲ್ಲ. ಜಹೀರಾಬಾದಿಗೋ ಬೀದರಿಗೋ ಬಂದು ಹತ್ತಬೇಕು. ಬೋಧನದಿಂದ ಬೀದರಿಗೆ ತಮ್ಮ ಕಡೆಯಿಂದ ಒಂದು ಮಾರ್ಗ ಹಾಕಿ ಎಂದು ಅವರು ಬಹಳ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಆ ಸೀಮೆಯಲ್ಲಿ ಹರಿಯುವ ಮಂಜೀರಾ ನದಿಯ ನೀರು ಸಿಂಗೂರು ಜಲಾಶಯದಲ್ಲಿ ನಿಂತು ಕೊಳವೆಯಲ್ಲಿ ಹೈದರಾಬಾದಿನ ನಲ್ಲಿಗಳಿಗೆ ಹೋಗುತ್ತದೆ. ನೀರಿಗೆ ಸಿಕ್ಕ ನೇರ ದಾರಿ ಜನರಿಗೆ ಇನ್ನೂ ಸಿಕ್ಕಿಲ್ಲ.

ನಮ್ಮ ಬೆಂಗಳೂರಿನಲ್ಲೂ

ಇದೆಲ್ಲ ಪರರಾಜ್ಯದ ಕಥೆ ಎಂದು ನಾವು ಸುಮ್ಮನಿರುವಂತಿಲ್ಲ. ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಮಾತು 1983ರಿಂದ ಇದೆ. 148 ಕಿಲೋಮೀಟರಿನ ನಾಲ್ಕು ಮಾರ್ಗಗಳ ಯೋಜನೆಗೆ ಅಡಿಗಲ್ಲು ಬಿದ್ದದ್ದು 2022ರ ಜೂನ್ 20ರಂದು. ನಲವತ್ತು ತಿಂಗಳಲ್ಲಿ ಮುಗಿಸುತ್ತೇವೆಂದರು. ಆ ನಲವತ್ತು ತಿಂಗಳೂ ಕಳೆದವು. ರಾಮನಗರ, ದೊಡ್ಡಬಳ್ಳಾಪುರ, ಬಂಗಾರಪೇಟೆಯಿಂದ ದಿನವೂ ಬರುವ ನಮ್ಮ ಧರ್ಮಕೇಂದ್ರಗಳ ಮಕ್ಕಳು ಇಂದಿಗೂ ಇದ್ದ ರೈಲಿಗೇ ಜೋತುಬೀಳುತ್ತಾರೆ. ಹೈದರಾಬಾದಿನವರು ಹಳೆಯ ಹಳಿಯ ಮೇಲೆಯೇ 2003ರಲ್ಲಿ ರೈಲು ಓಡಿಸಿ ತೋರಿಸಿದರಲ್ಲ, ಅದನ್ನು ಮೆಚ್ಚಲೇಬೇಕು. ಕುಂಟುತ್ತಲಾದರೂ ಓಡಿತು.

ಇನ್ನು ನನ್ನ ಸೋದರಳಿಯನ ಸಂಗತಿ. ಹನ್ನೊಂದು ತಿಂಗಳು ಆತ ದಿನಾ ಹೋಗಿ ಬಂದ. ನಸುಕಿನ ನಾಲ್ಕಕ್ಕೆ ಏಳುವುದು, ರಾತ್ರಿ ಹತ್ತಕ್ಕೆ ಮನೆ ಸೇರುವುದು. ತಂಗಿ ಹೇಳುವಂತೆ, ಆ ಹನ್ನೊಂದು ತಿಂಗಳಲ್ಲಿ ಅವನ ಮುಖವನ್ನು ಬೆಳಕಿನಲ್ಲಿ ನೋಡಿದ್ದು ಭಾನುವಾರ ಮಾತ್ರ. ಕೊನೆಗೊಂದು ದಿನ ನಿದ್ದೆಗಣ್ಣಲ್ಲಿ ತಾಂಡೂರು ದಾಟಿ ಸೇಡಂಗೆ ಹೋಗಿ ಇಳಿದನಂತೆ. ಅಲ್ಲಿಂದ ಫೋನು ಮಾಡಿದಾಗ ಗಂಟೆ ಹನ್ನೊಂದೂವರೆ. ಮರುದಿನ ಅವನಪ್ಪನೇ, "ರೂಮು ನೋಡ್ಕೋಪಾ" ಎಂದರು.

ಈಗ ಚಂದಾನಗರದಲ್ಲಿ ನಾಲ್ಕು ಹುಡುಗರ ಜೊತೆ ಒಂದು ರೂಮಿನಲ್ಲಿದ್ದಾನೆ. ಅಲ್ಲಿಂದ ಹೈಟೆಕ್ ಸಿಟಿಗೆ ಎಂಎಂಟಿಎಸ್‌ನಲ್ಲಿ ಎರಡು ನಿಲ್ದಾಣ. ಮೈ ತುಂಬಿಕೊಂಡಿದ್ದಾನೆ, ರಾತ್ರಿ ಏನೋ ಕೋರ್ಸು ಓದುತ್ತಿದ್ದಾನೆ. ಶನಿವಾರ ಸಂಜೆ ಬಂದು, ಭಾನುವಾರ ಪೂಜೆ ಮುಗಿಸಿ, ಊಟ ಮಾಡಿ, ಒಂದು ಡಬ್ಬಿ ತೊಗರಿಬೇಳೆ ಪುಡಿ, ಒಂದು ಗಂಟು ಜೋಳದ ರೊಟ್ಟಿ ಹಿಡಿದು ಹೊರಡುತ್ತಾನೆ.

ಕಳೆದ ಶನಿವಾರ ನಾನು ತಾಂಡೂರಿನಲ್ಲೇ ಇದ್ದೆ. ಏಳು ಗಂಟೆಯಿಂದ ತಂಗಿ ಫೋನು ಕೈಯಲ್ಲಿ ಹಿಡಿದೇ ಇದ್ದಳು. ಕರೆ ಬಂತು. "ಲಿಂಗಂಪಲ್ಲಿ ದಾಟಿದಿ ಏನೋ?" ಎಂದು ಕೇಳಿದಳು. ದಾಟಿದೆ ಎಂದಿರಬೇಕು. ಫೋನು ಇಟ್ಟು ಒಲೆಯ ಮೇಲೆ ಅನ್ನಕ್ಕಿಡಲು ಒಳಗೆ ಹೋದಳು.